ಬೆಳಿಗ್ಗೆ ಹಸಿರು, ಮಧ್ಯಾಹ್ನ ಕೆಂಪು

ಯಾವುದನ್ನಾದರೂ ಒಂದು ಡಬ್ಬಿಗೆ ಹಾಕಿ ಮೇಲೊಂದು ಚೀಟಿ ಅಂಟಿಸದಿದ್ದರೆ ನನಗೆ ಅನ್ನ ರುಚಿಸುವುದಿಲ್ಲ. ನನ್ನ ಹೆಂಡತಿಯೋ, ನಾನು ‘ಸಕ್ಕರೆ’ ಎಂದು ಬರೆದ ಡಬ್ಬಿಯಲ್ಲಿ ನೆಮ್ಮದಿಯಾಗಿ ಮೆಂತ್ಯ ತುಂಬಿಡುತ್ತಾಳೆ. ಕೇಳಿದರೆ, ಮೆಂತ್ಯಕ್ಕೆ ಓದಲು ಬರುವುದಿಲ್ಲವಲ್ಲ ಎನ್ನುತ್ತಾಳೆ. ಆಗ ನಾನು ಸುಮ್ಮನಾಗುವುದು ಹೆಂಡತಿಯ ಭಯದಿಂದಲ್ಲ; ನಿಂಗವ್ವನ ಹೊಂಡ ನೆನಪಾಗುವುದರಿಂದ.

ಆಗಿನ್ನೂ ರಾಜ್ಯ ಒಂದಾದ ಹೊಸತು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಗಡಿಯ ಒಂದೂರಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಊರಾಚೆಯ ಹೊಂಡ ಎರಡು ತಾಲ್ಲೂಕಿಗೂ ಅರ್ಧರ್ಧ ಸೇರಿತ್ತು. ಕುರಿ ಸಾಕುವ ನಿಂಗವ್ವನ ಹಿಂಡಿಗೆ ಬೇಸಿಗೆಯಲ್ಲಿ ಹತ್ತಿರ ಇದ್ದದ್ದು ಆ ನೀರೊಂದೇ. ಒಂದು ದಿನ ಅವಳು ತಂಬಿಗೆಯಲ್ಲಿ ಅದನ್ನು ತಂದು ನನ್ನ ಮುಂದಿಟ್ಟಳು. ಹೊಂಡ ಬೆಳಿಗ್ಗೆ ಹಸಿರಾಗಿರುತ್ತದಂತೆ, ಬಿಸಿಲೇರಿದರೆ ಕುಂಕುಮ ಕದಡಿದ ಹಾಗೆ ಕೆಂಪು, ಸಂಜೆಗೆ ಮತ್ತೆ ಹಸಿರು.

“ಇದನ್ನ ಕುರಿ ಕುಡದ್ರೆ ಏನಾರ ಆಗ್ತೈತೇನ್ರೀ ಮೇಷ್ಟ್ರೇ?”

ಅವಳು ಕೇಳಿದ್ದು ಇಷ್ಟೇ. ನಾನು ಶಾಲೆಗಿದ್ದ ಒಂದೇ ಒಂದು ಸೂಕ್ಷ್ಮದರ್ಶಕವನ್ನು ಬೀರುವಿನಿಂದ ಇಳಿಸಿ ನೋಡಿದವನು, ಹಿಗ್ಗಿ ಹೀರೇಕಾಯಿಯಾದೆ. ಪುಸ್ತಕದಲ್ಲಷ್ಟೇ ಕಂಡಿದ್ದ ಒಂದೇ ಕೋಶದ ಜೀವಿ, ಯೂಗ್ಲೀನಾ! ಬಿಸಿಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಹಾಗಾಗಿ ಗಿಡ. ಚಾವಟಿಯಂಥ ಬಾಲ ಬೀಸಿ ಈಜುತ್ತದೆ, ಹಾಗಾಗಿ ಪ್ರಾಣಿ. ಬಿಸಿಲು ಅತಿಯಾದರೆ ಒಳಗಿರುವ ಕೆಂಪನ್ನು ಮೈಮೇಲೆಲ್ಲ ಹರಡಿಕೊಂಡು ನೆರಳು ಮಾಡಿಕೊಳ್ಳುತ್ತದೆ.

ಪಾಠ ಅಲ್ಲಿಗೆ ನಿಲ್ಲಲಿಲ್ಲ. ಇಂಥ ಎಡಬಿಡಂಗಿಗಳಿಗಾಗಿಯೇ ಜರ್ಮನಿಯ ಪಂಡಿತರೊಬ್ಬರು ಹಿಂದೆಯೇ ಗಿಡ, ಪ್ರಾಣಿಗಳ ಜೊತೆಗೆ ಮೂರನೆಯದೊಂದು ಜೀವಸಾಮ್ರಾಜ್ಯ ಕಟ್ಟಿ ಪ್ರೊಟಿಸ್ಟಾ ಎಂದು ಹೆಸರಿಟ್ಟಿದ್ದರು. ಗೊತ್ತಾದ ಆಕಾರವೇ ಇಲ್ಲದ ಅಮೀಬಾ, ಚಪ್ಪಲಿಯಂಥ ಪ್ಯಾರಮೀಸಿಯಂ, ಗಾಜಿನ ಕರಡಿಗೆಯೊಳಗೆ ಕೂತ ಡಯಾಟಂ, ನಮ್ಮ ಸೀಮೆಯನ್ನೆಲ್ಲ ಗಡಗಡ ನಡುಗಿಸಿದ ಮಲೇರಿಯಾದ ಜೀವಿ, ಎಲ್ಲಕ್ಕೂ ಅಲ್ಲಿ ಜಾಗ. ಅವುಗಳಲ್ಲಿ ಎಷ್ಟೋ ಜೀವಿಗಳಿಗೆ ಒಂದಕ್ಕೊಂದು ಹತ್ತಿರದ ನೆಂಟಸ್ತನವೂ ಇಲ್ಲ. ಎಲ್ಲಿಡಬೇಕೆಂದು ತೋಚದ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕುತ್ತೇವಲ್ಲ, ಹಾಗೆ. ನಿಂಗವ್ವ ಎಲ್ಲವನ್ನೂ ನಿಂತೇ ಕೇಳಿ, ತಂಬಿಗೆ ಎತ್ತಿಕೊಂಡು ಹೋದಳು.

ನನ್ನ ಉತ್ಸಾಹದಿಂದ ಸುದ್ದಿ ಮೇಲಿನವರಿಗೂ ಮುಟ್ಟಿತು. ಸೊರಬದ ಕಡೆಯಿಂದ ದನದ ಡಾಕ್ಟರು ಬೆಳಗಿನ ಬಸ್ಸಿಗೆ ಬಂದರು. ಹೊಂಡ ಹಸಿರಾಗಿತ್ತು. ಇದು ಪಾಚಿ, ಅಂದರೆ ಗಿಡ, ತಮಗೆ ಸಂಬಂಧಪಟ್ಟದ್ದಲ್ಲ ಎಂದು ಹೊರಟುಹೋದರು. ಶಿಕಾರಿಪುರದ ಕಡೆಯಿಂದ ಬೆಳೆಗಳ ಸಾಹೇಬರು ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಅವರ ಕಣ್ಣಿಗೆ ಅದು ಕೆಂಪು ಹುಳ, ಅಂದರೆ ಪ್ರಾಣಿ, ದನದ ಡಾಕ್ಟರ ಪಾಲಿನದು. ಇಬ್ಬರನ್ನೂ ಒಂದೇ ಬಸ್ಸಿನಲ್ಲಿ ಕೂರಿಸಿದ್ದರೆ ವಿಜ್ಞಾನ ಎಷ್ಟು ಮುಂದುವರಿಯುತ್ತಿತ್ತೋ! ಆಮೇಲೆ ಇಬ್ಬರೂ ಕಾಗದ ಬರೆದು ನನ್ನನ್ನು ಕೇಳಿದಾಗ ಎರಡೂ ಹೌದು ಎಂದೆ. ಇಬ್ಬರಿಗೂ ಸಿಟ್ಟು ಬಂತು. ತೀರ್ಮಾನವಾಗುವ ತನಕ ಯಾರೂ ನೀರು ಮುಟ್ಟಕೂಡದು ಎಂಬುದರಲ್ಲಿ ಮಾತ್ರ ಅವರಿಗೆ ಒಮ್ಮತವಿತ್ತು. ಪಟೇಲರು ಹೊಂಡದ ಸುತ್ತ ಮುಳ್ಳುಬೇಲಿ ಹಾಕಿಸಿದರು.

ನಿಂಗವ್ವ ದಿನಾ ಕುರಿಗಳನ್ನು ಕುಬಟೂರಿನ ಕಡೆಯ ಕೆರೆಗೆ ಹೊಡೆದುಕೊಂಡು ಹೋಗಬೇಕಾಯಿತು. ಒಂದು ಮರಿ ಬಿಸಿಲು ತಾಳದೆ ದಾರಿಯಲ್ಲೇ ಸತ್ತಿತು. ಕೇಳಿ ನನಗೆ ಸಂಕಟವಾಯಿತು. ಅದು ಗಿಡವೋ ಪ್ರಾಣಿಯೋ ಎಂದು ನಾವು ಮೂವರೂ ತಲೆ ಕೆಡಿಸಿಕೊಂಡಿದ್ದೆವು. ಅವಳು ಕೇಳಿದ್ದನ್ನು ಯಾರೂ ಕೇಳಿಕೊಂಡಿರಲಿಲ್ಲ.

ಕೊನೆಗೂ ಹುಕುಂ ಬಂತು. ಸದರಿ ಜೀವಿ ಎರಡೂ ಇಲಾಖೆಗೆ ಸೇರದ್ದರಿಂದ ನೀರು ಬಳಸಲು ಯಾರ ತಕರಾರೂ ಇಲ್ಲವಂತೆ. ನಾನೇ ಓಡಿಹೋಗಿ ಅವಳಿಗೆ ಓದಿ ಹೇಳಿದೆ. ನಿಂಗವ್ವ ಬೇಲಿಯಾಚೆ ಬಿರುಕು ಬಿಟ್ಟು ಒಣಗಿದ್ದ ಹೊಂಡವನ್ನು ನೋಡಿದಳು.

“ಯಾವ್ ನೀರು ರೀ?” ಎಂದಳು.

ಆ ಜೀವಿ ಮಾತ್ರ ಜಾಣ. ಕೆಸರಿನಲ್ಲಿ ಉಂಡೆಯಾಗಿ ಮುದುಡಿಕೊಂಡು, ಯಾರ ಅಪ್ಪಣೆಗೂ ಕಾಯದೆ, ಮಳೆಗೆ ಮಾತ್ರ ಕಾದಿತ್ತು. ಮರುವರ್ಷದ ಬೇಸಿಗೆಯಲ್ಲಿ ಹೊಂಡ ಮತ್ತೆ ಬಣ್ಣ ಬದಲಾಯಿಸತೊಡಗಿತು. ಈ ಸಲ ತಂಬಿಗೆ ನನ್ನ ಹತ್ತಿರ ಬರಲಿಲ್ಲ. ಒಂದು ಬೆಳಿಗ್ಗೆ ಆ ದಾರಿಯಲ್ಲಿ ಹೋಗುವಾಗ ಹಿಂಡಿಗೆ ಹಿಂಡೇ ಮೂತಿ ಅದ್ದಿ ನಿಂತಿತ್ತು. ವಾರದಿಂದಲೂ ಅಲ್ಲೇ ಕುಡಿಸುತ್ತಿದ್ದಳಂತೆ, ಕುರಿಗಳು ಗಟ್ಟಿಮುಟ್ಟಾಗಿದ್ದವು. ನನ್ನನ್ನು ಕಂಡು ಅವಳ ಮುಖ ಸಣ್ಣದಾಯಿತು.

“ಬಸ್ಸು ಬರೋ ಹೊತ್ತಾತೇನ್ರೀ ಮೇಷ್ಟ್ರೇ?”

ನಾನು ಏನೂ ಕಾಣದವನಂತೆ ಕೊಡೆಯನ್ನು ಹೊಂಡದ ಕಡೆಗೆ ಮರೆಯಾಗಿ ಹಿಡಿದು ಹೆಜ್ಜೆ ಹಾಕಿದೆ.

“ಇನ್ನೂ ಇಲ್ಲ ನಿಂಗವ್ವ. ನಿಧಾನಕ್ಕೆ ಕುಡೀಲಿ ಬಿಡು.”