ಎಲ್ವೀರಳ ಕೋಟೆಮನೆ

ನನ್ನ ತಮ್ಮನ ಹೆಂಡತಿ ಎಲ್ವೀರಳಿಗೆ ಇರುವುದು ಎರಡು ಕೋಣೆಯ ಮನೆ, ಹಿತ್ತಲಲ್ಲಿ ಒಂದು ಪಾರಿವಾಳದ ಗೂಡು. ಆದರೆ ಅವಳ ಮಾತು ಕೇಳಿದವರು ಅವಳನ್ನು ಕಂದಕ, ಸೇತುವೆ, ಗೋಪುರಗಳಿರುವ ಮನೆಯ ಯಜಮಾನಿ ಅಂದುಕೊಳ್ಳಬೇಕು. "ನಮ್ಮ ಛಾವಣಿ ಈ ಚಳಿಗಾಲ ತಡೆಯಲ್ಲ" ಎಂದು ಅವಳು ನಿಟ್ಟುಸಿರು ಬಿಟ್ಟರೆ, ಆ ಛಾವಣಿ ಅವಳು ಕೆಲಸ ಮಾಡುವ ಕೋಟೆಮನೆಯ ಬ್ಯಾರನ್ನರದ್ದು. ಅವಳ ಸ್ವಂತ ಛಾವಣಿ ಮಂಚದ ಮೇಲೆಯೇ ಸೋರುತ್ತಿತ್ತು. ಅದಕ್ಕಾಗಿ ಒಂದು ದಿನವೂ ನಿಟ್ಟುಸಿರು ಬಿಟ್ಟವಳಲ್ಲ.

ನಮ್ಮ ಕೊಂದ್ರೋ ಗುಡ್ಡಗಳಲ್ಲಿ ಊರಿಗೊಂದು ಕೋಟೆಮನೆ ಇದೆ. ನಮ್ಮೂರಿನದು ನನ್ನ ಕೆಫೆಯ ಎದುರಿಗೇ ಇದೆ. ಬೇಸಿಗೆಯ ಭಾನುವಾರಗಳಲ್ಲಿ ಬ್ರಸೆಲ್ಸ್, ಲಿಯೇಜಿನಂಥ ಪಟ್ಟಣಗಳವರು ಕಾರು ತುಂಬಿಕೊಂಡು ಬರುತ್ತಾರೆ. ಟಿಕೆಟ್ಟು ಕೊಂಡು, ಯಾರದೋ ಮುತ್ತಜ್ಜ ಸತ್ತ ಮಂಚವನ್ನು ಬಗ್ಗಿ ನೋಡಿ, ಆಮೇಲೆ ನನ್ನ ಕೆಫೆಗೆ ಬಂದು "ಎಷ್ಟು ಗಿಡ್ಡ ಮಂಚ ನೋಡಿದಿರಾ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇವರ ಮನೆಗಳಲ್ಲಿ ಅಜ್ಜಂದಿರು ಸತ್ತೇ ಇಲ್ಲವೋ ಏನೋ.

ಈ ಜನರನ್ನು ಬಾಗಿಲಲ್ಲಿ ತಡೆದು ಚಪ್ಪಲಿ ತೊಡಿಸುವುದು ಎಲ್ವೀರಳ ಕೆಲಸ. ಬೂಟಿನ ಮೇಲೆಯೇ ಹಾಕಿಕೊಳ್ಳುವ ಉಣ್ಣೆಯ ದೊಡ್ಡ ದೊಡ್ಡ ಚಪ್ಪಲಿಗಳು, ಒಂದು ಬುಟ್ಟಿ ತುಂಬ. ಒಳಗಿನ ಓಕ್ ಮರದ ನೆಲಕ್ಕೆ ಗೀರು ಬೀಳಬಾರದಂತೆ. ಜನ ಅವನ್ನು ತೊಟ್ಟು ಕೋಣೆಯಿಂದ ಕೋಣೆಗೆ ಜಾರಿಕೊಂಡು ಹೋಗುತ್ತಾರೆ, ನೆಲ ಕನ್ನಡಿಯಂತೆ ಹೊಳೆಯುತ್ತದೆ. ದುಡ್ಡು ಕೊಟ್ಟು ಬಂದವರಿಂದಲೇ ನೆಲ ಒರೆಸಿಕೊಳ್ಳುವ ಜಾಣತನ ತಲೆಮಾರುಗಳಿಂದ ಕೂತು ಉಂಡವರಿಗೆ ಮಾತ್ರ ಬರುವಂಥದು. ಆ ಜಾಣತನವನ್ನು ಸ್ವಂತದ್ದೆಂದು ಎದೆಯುಬ್ಬಿಸಿ ನಿಲ್ಲುವ ಪೆದ್ದುತನ ಮಾತ್ರ ನಮ್ಮ ಎಲ್ವೀರಳದು.

ಇದಕ್ಕೆಲ್ಲ ಮೂಲ ಒಂದು ಮಾತು. ಅವಳು ಕೆಲಸಕ್ಕೆ ಸೇರಿದ ದಿನ ಬ್ಯಾರನ್ನರು ಅವಳ ಕೈ ಹಿಡಿದು, "ಎಲ್ವೀರ್, ಇದು ನಿಮ್ಮದೇ ಮನೆ ಅಂದ್ಕೊಳ್ಳಿ" ಎಂದರಂತೆ. ಬೇರೆ ಯಾರಾದರೂ ಆಗಿದ್ದರೆ ಥ್ಯಾಂಕ್ಸ್ ಹೇಳಿ ಮರೆತುಬಿಡುತ್ತಿದ್ದರು. ಇವಳು ಆ ಮಾತನ್ನು ಎದೆಯಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಅಂದಿನಿಂದ "ಅವರ" ಎಂಬ ಪದ ಅವಳ ಬಾಯಿಂದ ಬಿದ್ದುಹೋಯಿತು. ನಮ್ಮ ಕಂದಕ, ನಮ್ಮ ಹಂಸಗಳು, ನಮ್ಮ ಬಿಷಪ್ಪರ ಕುರ್ಚಿ.

ಆ ಕುರ್ಚಿಯ ಕತೆಯನ್ನಂತೂ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಯಾವ ಕಾಲದಲ್ಲೋ ಒಬ್ಬ ಬಿಷಪ್ ಕಾಲುನೋವೆಂದು ಒಂದು ಮಧ್ಯಾಹ್ನ ಅದರ ಮೇಲೆ ಕೂತಿದ್ದನಂತೆ. ಅಂದಿನಿಂದ ಅದರ ಸುತ್ತ ಕೆಂಪು ಹಗ್ಗ. ಅದರ ಮೇಲೆ ಯಾರೂ ಕೂರುವಂತಿಲ್ಲ. ಹಾಗೆ ನೋಡಿದರೆ ಆ ಮನೆಯ ಯಾವ ಕುರ್ಚಿಯ ಮೇಲೂ ಕೂರುವಂತಿಲ್ಲ, ಎಲ್ಲಕ್ಕೂ ಹಗ್ಗವೇ. ಇಷ್ಟು ವರ್ಷ ಎಲ್ವೀರ್ ಭಾನುವಾರವಿಡೀ ನಿಂತೇ ಇದ್ದಾಳೆ.

ಸಾಲದ್ದಕ್ಕೆ ತನ್ನ ಎರಡು ಕೋಣೆಯ ಮನೆಯ ಬಾಗಿಲಲ್ಲೂ ಹಳೆಯ ಉಣ್ಣೆ ಚಪ್ಪಲಿಯ ಜೊತೆಯೊಂದನ್ನು ತಂದಿಟ್ಟಳು. ನನ್ನ ತಮ್ಮ ಗಾಸ್ತೋನ್ ಕಲ್ಲು ಕ್ವಾರಿಯಲ್ಲಿ ದುಡಿದು ಮಂಡಿ ಸವೆಸಿಕೊಂಡವನು. ತನ್ನ ಅಡುಗೆಮನೆಯಲ್ಲೇ ಗೋಡೆ ಹಿಡಿದು ಜಾರುತ್ತ ಸೂಪಿನ ಪಾತ್ರೆಯವರೆಗೆ ಹೋಗುತ್ತಿದ್ದ. ಅವನ ಅಕ್ಕ ನಾನು, ಕಣ್ಣಾರೆ ಕಂಡಿದ್ದೇನೆ. ನಕ್ಕೆ, ಆಮೇಲೆ ಮೈ ಉರಿಯಿತು.

ಅವನು ಮಾತ್ರ ಕೋಟೆಮನೆಯೊಳಗೆ ಕಾಲಿಟ್ಟವನೇ ಅಲ್ಲ. ಭಾನುವಾರ ಅವನ ಪಂದ್ಯದ ಪಾರಿವಾಳಗಳು ಮನೆಗೆ ಮರಳುವ ದಿನ. ಆಕಾಶ ನೋಡುತ್ತ ಕೂತಿರುತ್ತಾನೆ. ಹೆಂಡತಿ ಎಷ್ಟು ಕರೆದರೂ "ನನ್ನ ಹಕ್ಕಿ ಬರಬೇಕು" ಎನ್ನುವುದೊಂದೇ ಉತ್ತರ.

ಹೋದ ಬೇಸಿಗೆಗೆ ಅವರ ಮದುವೆಯಾಗಿ ಐವತ್ತು ವರ್ಷ ತುಂಬಿತು. ಇಂಥ ದಿನ ನಮ್ಮಲ್ಲಿ ಮೇಯರ್ ಹೂಗುಚ್ಛ ಹಿಡಿದು ಬರುವುದು, ಊರವರು ನನ್ನ ಕೆಫೆಯಲ್ಲಿ ಸೇರಿ ಟಾರ್ಟ್ ತಿಂದು, ಪೆಕೆ ಎಂಬ ನಮ್ಮ ಸೀಮೆಯ ಸಾರಾಯಿ ಕುಡಿದು ಹಾಡುವುದು ಪದ್ಧತಿ. ನಾನು ಮೇಜು ಜೋಡಿಸುವ ಯೋಚನೆಯಲ್ಲಿದ್ದೆ. ಎಲ್ವೀರ್ ಬಂದು ಗಾಸ್ತೋನನ ಎದುರಿಗೇ ಹೇಳಿದಳು:

"ನಿನ್ನ ಕೆಫೆ ಬೇಡ ಜೆರ್ಮೆನ್. ನಮ್ಮ ನೀಲಿ ಕೋಣೇಲೇ ಮಾಡೋಣ ಅಂತಿದ್ದೀನಿ."

"ಯಾವ ನೀಲಿ ಕೋಣೆ? ನಿಮ್ಮನೇಲಿ ನೀಲಿ ಅಂತ ಇರೋದು ಗ್ಯಾಸ್ ಒಲೆ ಉರಿ ಒಂದೇ."

"ಕೋಟೆಮನೇಲಿ."

"ಬ್ಯಾರನ್ ಏನೋ ಬಾಯಿಮಾತಿಗೆ ಅಂದಿದ್ರೆ, ನೀನು ಮನೇನೇ ಬರ್ಕೊಟ್ಟ ಹಾಗೆ ಆಡ್ತೀಯಲ್ಲ ಮಾರಾಯ್ತಿ."

"ಅವರು ಸುಮ್‌ಸುಮ್ನೆ ಮಾತಾಡೋ ಜನ ಅಲ್ಲ. ನಿನಗೆ ಗೊತ್ತಾಗಲ್ಲ ಬಿಡು, ನೀನು ನೋಡಿರೋದು ಬರೀ ಕುಡುಕರನ್ನ."

ಗಾಸ್ತೋನ್ ಬಿಯರಿನ ನೊರೆ ಒರೆಸಿಕೊಂಡ. "ನಾನೂ ಬರ್ತೀನಿ," ಎಂದ. ಇಬ್ಬರೂ ಅವನತ್ತ ತಿರುಗಿದೆವು. "ಈ ಸಲ ಹಕ್ಕಿ ಬಂದ್ರೆ ಬರಲಿ. ಆದ್ರೆ ನನ್ನ ಮಂಡಿ ನಿನಗೆ ಗೊತ್ತಲ್ಲ. ಕೂತ್ಕೊಳ್ಳೋಕೆ ಒಂದು ಕುರ್ಚಿ ಕೊಡಿಸು, ಸಾಕು."

"ಕುರ್ಚಿ ತಾನೆ? ನಮ್ಮಲ್ಲಿ ಕುರ್ಚಿಗೇನು ಬರ," ಎಂದಳು ಎಲ್ವೀರ್. ಹೇಳಿದವಳೇ ನನ್ನ ಮೇಜಿನ ಬಟ್ಟೆ ಎತ್ತಿಕೊಂಡು ಒರೆಸಿದ್ದನ್ನೇ ಒರೆಸತೊಡಗಿದಳು. ನಾನು ಗಮನಿಸಿದೆ.

ಊರಿಗೆಲ್ಲ ಸುದ್ದಿಯಾಯಿತು. ಗಾಸ್ತೋನನಿಗೆ ಕುರ್ಚಿ ಸಿಗುತ್ತದೋ ಇಲ್ಲವೋ ಎನ್ನುವುದೇ ನನ್ನ ಕೆಫೆಯಲ್ಲಿ ದಿನವೂ ಮಾತು. ಸಿಕ್ಕರೆ ಇವಳು ಹೇಳಿಕೊಂಡು ಬಂದದ್ದೆಲ್ಲ ನಿಜ. ಸಿಗದಿದ್ದರೆ ಊರೆದುರು, ಗಂಡನೆದುರು ಇವಳ ಮುಖ ಎಲ್ಲಿಡುವುದು? ಅವಳು ಬ್ಯಾರನ್ನರನ್ನು ಕೇಳಿದ್ದಳಂತೆ. "ಆಗಲಿ, ಆಗಲಿ, ಸಂತೋಷ. ತಿಬೋಗೆ ಹೇಳಿ" ಎಂದರಂತೆ. ತಿಬೋ ಎಂದರೆ ಮಗ. ಈಗ ಎಲ್ಲ ವ್ಯವಹಾರ ಅವನದೇ. ತಿಬೋ ಏನೆಂದ ಎಂದು ಕೇಳಿದರೆ, "ಎಲ್ಲಾ ಆಗುತ್ತೆ" ಎಂದು ಮಾತು ಹಾರಿಸಿದಳು. ನಾನು ಹಾಲು ಅಕ್ಕಿಯ ಟಾರ್ಟ್‌ಗಳನ್ನು ಬೇಯಿಸಿ ಕೆಫೆಯಲ್ಲೇ ಇಟ್ಟುಕೊಂಡೆ. ಅವು ಎಲ್ಲಿ ಖರ್ಚಾಗುತ್ತವೆ ಎನ್ನುವುದು ನನಗೆ ಮೊದಲೇ ಗೊತ್ತು ಎಂಬ ಜಂಬ ನನಗೆ.

ಆ ಭಾನುವಾರ ಎಲ್ಲರೂ ಇಸ್ತ್ರಿ ಬಟ್ಟೆ ತೊಟ್ಟು ಸೇತುವೆ ದಾಟಿದೆವು. ಎಲ್ವೀರ್ ಯಾವಾಗಲೂ ತೊಡುವ ಕೆಲಸದ ಮೇಲಂಗಿ ಬಿಟ್ಟು ಹಸಿರು ರೇಷ್ಮೆಯ ಗೌನು ತೊಟ್ಟಿದ್ದಳು, ಕೂದಲಿಗೆ ಸುರುಳಿ ಹಾಕಿಸಿದ್ದಳು, ಕಾಲಿಗೆ ಎತ್ತರ ಹಿಮ್ಮಡಿಯ ಹೊಸ ಬೂಟು. ಬಾಗಿಲಲ್ಲಿ ತಿಬೋ ನಿಂತಿದ್ದ, ಪಕ್ಕದಲ್ಲಿ ಬುಟ್ಟಿ.

"ಮೂರು ಗಂಟೆ ಗುಂಪು ನೀವೇ ತಾನೆ?" ಎಂದ. "ಬನ್ನಿ, ಎಲ್ವೀರಳ ಲೆಕ್ಕದಲ್ಲಿ ಇವತ್ತು ಟಿಕೆಟ್ ಇಲ್ಲ. ಚಪ್ಪಲಿ ಹಾಕ್ಕೊಳ್ಳಿ. ಒಳಗೆ ತಿಂಡಿ ತೀರ್ಥ ಏನೂ ಇಲ್ಲ ಅಂತ ಎಲ್ವೀರ್ ಹೇಳಿರ್ತಾಳೆ."

ಎಲ್ವೀರ್ ಯಾರಿಗೂ ಏನೂ ಹೇಳಿರಲಿಲ್ಲ. ಮೇಯರ್ ಹೂಗುಚ್ಛವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಲಿಗೆ ಕಾಲು ತೂರಿಸಿದ. ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವಳು ಬಗ್ಗಿ ತನ್ನ ಹೊಸ ಬೂಟಿನ ಮೇಲೂ ಒಂದು ಜೊತೆ ಏರಿಸಿಕೊಂಡಳು. ನಾಚಿಕೆಯಲ್ಲಿ ಬೇರೇನೂ ಮಾಡಲು ತೋಚದೆ, ರೂಢಿಯಂತೆ ನಮ್ಮ ಮುಂದೆ ನಡೆಯುತ್ತ ವಿವರಿಸಲು ಶುರುಮಾಡಿದಳು. ಈ ಗಡಿಯಾರ ವಿಯೆನ್ನಾದಿಂದ ಬಂದದ್ದು, ಈ ಜಿಂಕೆಯ ಕೊಂಬು ಅಜ್ಜ ಬ್ಯಾರನ್ನರು ಹೊಡೆದದ್ದು. ತನ್ನ ಮದುವೆಯ ಹಬ್ಬಕ್ಕೆ ತಾನೇ ಗೈಡ್. ಹಿಂದೆ ಊರವರು ಬಾತುಗಳ ಸಾಲಿನಂತೆ ಜಾರುತ್ತ ಬರುತ್ತಿದ್ದರು.

ನೀಲಿ ಕೋಣೆಗೆ ಬರುವ ಹೊತ್ತಿಗೆ ಗಾಸ್ತೋನನ ಹಣೆಯಲ್ಲಿ ಬೆವರು. ಗೋಡೆಯುದ್ದಕ್ಕೂ ಕುರ್ಚಿಗಳು, ಎಲ್ಲಕ್ಕೂ ಹಗ್ಗ.

"ಎಲ್ವೀರ್," ಎಂದ ಮೆಲ್ಲಗೆ. "ಕುರ್ಚಿ."

ಅವಳು ತಿಬೋನ ಮುಖ ನೋಡಿದಳು. ತಿಬೋ ಗಾಸ್ತೋನನ ಮಂಡಿಯ ಕಡೆ ಕಣ್ಣು ಹಾಯಿಸಿ, "ಅಂಗಳದಲ್ಲಿ ಒಂದು ಬೆಂಚಿದೆ, ನಲ್ಲಿ ಪಕ್ಕ. ಬೇಕಾದ್ರೆ ಅಲ್ಲಿ ಕೂತಿರಲಿ" ಎಂದ.

ಆಗಲೇ ಒಳಬಾಗಿಲು ತೆರೆದು ಬ್ಯಾರನ್ನರು ಬಂದರು. ಕಾಡಿನಿಂದ ನೇರ ಬಂದಂತಿತ್ತು. ಬೂಟಿನ ತುಂಬ ಕೆಸರು, ಜೊತೆಗೆ ಅದಕ್ಕಿಂತ ಕೆಸರಾದ ನಾಯಿ. ಎಲ್ವೀರ್ ವರ್ಷಗಟ್ಟಲೆ ಕಾಪಾಡಿದ ಆ ನೆಲದ ಮೇಲೆ ಇಬ್ಬರೂ ಅಚ್ಚೊತ್ತುತ್ತ ನಡೆದು ಬಂದರು. ಗುಂಪು ಕಂಡು ಅವರಿಗೆ ಸಂತೋಷವೇ ಆಯಿತೆನ್ನಬೇಕು. ಒಬ್ಬೊಬ್ಬರ ಕೈ ಕುಲುಕಿದರು. ಮೇಯರಿಗೆ, "ನಿಮ್ಮದೇ ಮನೆ ಅಂದ್ಕೊಳ್ಳಿ." ಅಂಚೆಯವನಿಗೆ, "ನಿಮ್ಮದೇ ಮನೆ ಅಂದ್ಕೊಳ್ಳಿ." ನನಗೂ ಅದೇ. ನಲವತ್ತು ವರ್ಷ ಎದುರು ಮನೆಯಲ್ಲಿದ್ದವಳಿಗೆ. ಗಾಸ್ತೋನನಿಗೂ ಅದೇ.

ಕೊನೆಗೆ ಹಸಿರು ರೇಷ್ಮೆಯ ಎಲ್ವೀರಳ ಕೈ ಹಿಡಿದರು.

"ಮೊದಲ ಸಲ ಬರ್ತಿದ್ದೀರಾ ಮದಾಮ್? ನಿಮ್ಮದೇ ಮನೆ ಅಂದ್ಕೊಳ್ಳಿ."

ಅವಳ ಜಂಬ ಇಳಿಯುವುದನ್ನು ನೋಡಬೇಕೆಂದು ಎಷ್ಟು ವರ್ಷ ಕಾದಿದ್ದೆನೋ. ಅದು ಕಣ್ಣೆದುರು ಇಳಿದಾಗ, ಇಳಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅವಳ ಮುಖ ಬಿಳಿಚಿಕೊಂಡಿತು. ಯಾರೂ ನಗಲಿಲ್ಲ.

"ಥ್ಯಾಂಕ್ಸ್ ಬ್ಯಾರನ್ ಅವರೇ," ಎಂದಳು ಎಲ್ವೀರ್ ಕೊನೆಗೆ. "ಹಾಗೇ ಅಂದ್ಕೊಂಡಿದ್ದೀನಿ."

ಬಿಷಪ್ಪರ ಕುರ್ಚಿಯ ಹತ್ತಿರ ಹೋಗಿ ಕೆಂಪು ಹಗ್ಗದ ಕೊಕ್ಕೆ ಬಿಡಿಸಿದಳು. ಗಾಸ್ತೋನನ ತೋಳು ಹಿಡಿದು ತಂದು ಕೂರಿಸಿದಳು. ಕುರ್ಚಿ ಒಮ್ಮೆ ಕಿರ್ರೆಂದು ಸುಮ್ಮನಾಯಿತು. ಗಾಸ್ತೋನ್ ಕಾಲು ಚಾಚಿ, "ಅಬ್ಬಾ" ಎಂದ.

"ಎಲ್ವೀರ್, ಏನಿದು?" ತಿಬೋ ಮುಂದೆ ಬಂದ.

"ಅಪ್ಪನ ಮಾತು ಕೇಳಿಸಲಿಲ್ವಾ ತಿಬೋ ಅವರೇ? ಎಲ್ಲರೆದುರು ಹೇಳಿದ್ರು." ಅವಳ ದನಿಯಲ್ಲಿ ಅಂಥ ತಾತ್ಸಾರವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅದು ನನ್ನ ಗುತ್ತಿಗೆ ಅಂದುಕೊಂಡಿದ್ದೆ. "ಜೆರ್ಮೆನ್, ಹೋಗಿ ಟಾರ್ಟ್ ತಗೊಂಡು ಬಾ. ಪೆಕೆನೂ ತಾ. ಉಳಿದೋರು ಯಾಕೆ ನಿಂತಿದ್ದೀರಾ? ಕೂತ್ಕೊಳ್ಳಿ."

ನಾನು ಆ ಚಪ್ಪಲಿಯಲ್ಲೇ ಸೇತುವೆ ದಾಟಿ ಓಡಿದೆ. ಮರಳಿ ಬರುವಷ್ಟರಲ್ಲಿ ಹಗ್ಗಗಳೆಲ್ಲ ಕೆಳಗೆ ಬಿದ್ದಿದ್ದವು, ಊರೆಲ್ಲ ಕೂತಿತ್ತು. ತಿಬೋ ಬಾಗಿಲ ಬಳಿ ಕೈ ಹಿಸುಕಿಕೊಳ್ಳುತ್ತಿದ್ದ. ಮೇಯರೇ ಕೂತಿರುವಾಗ ಎಬ್ಬಿಸುವುದು ಯಾರನ್ನು? ಎಲ್ವೀರ್ ಟಾರ್ಟ್ ಕುಯ್ಯುತ್ತ ನಿಂತಳು. ಅವಳ ಚಪ್ಪಲಿ ಮೂಲೆಯಲ್ಲಿ ಬಿದ್ದಿತ್ತು, ಹೊಸ ಹಿಮ್ಮಡಿ ನೆಲದ ಮೇಲೆ ಟಕ್ ಟಕ್ ಎನ್ನುತ್ತಿತ್ತು.

ಬ್ಯಾರನ್ನರೊಬ್ಬರೇ ನಡುಕೋಣೆಯಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಗಾಸ್ತೋನನ ಪಕ್ಕ ಒಂದು ಕುರ್ಚಿ ಉಳಿದಿತ್ತು. ಎಲ್ವೀರ್ ಅದನ್ನು ತೋರಿಸಿದಳು.

"ನೀವೂ ಕೂತ್ಕೊಳ್ಳಿ ಬ್ಯಾರನ್ ಅವರೇ, ನಿಮ್ಮದೇ ಮನೆ ಅಂದ್ಕೊಳ್ಳಿ," ಎಂದಳು. ಆಮೇಲೆ ಅವರ ಕೆಸರು ಬೂಟುಗಳನ್ನು ನೋಡಿ, ಪ್ರತಿ ಭಾನುವಾರ ಬ್ರಸೆಲ್ಸಿನವರಿಗೆ ಹೇಳುವ ಅದೇ ದನಿಯಲ್ಲಿ, "ಆದ್ರೆ ಮೊದಲು ಚಪ್ಪಲಿ ಹಾಕ್ಕೊಂಡು ಬನ್ನಿ. ಬುಟ್ಟಿ ಬಾಗಿಲಲ್ಲಿದೆ," ಎಂದಳು.

ಬ್ಯಾರನ್ನರು ಹೋಗಿ ಹಾಕಿಕೊಂಡು ಬಂದರು.