ನಾಲ್ಕೂವರೆಗೆ ಮುಚ್ಚುವ ಬಾಗಿಲು

ಕಳೆದ ತಿಂಗಳು ತಾಲ್ಲೂಕಿನ ಆರೋಗ್ಯ ಯೋಜನೆಯ ಸಭೆಗೆ ನಮ್ಮ ನರ್ಸಿಂಗ್ ಶಾಲೆಯ ಆರು ಹುಡುಗಿಯರನ್ನು ಕರೆದಿದ್ದರು. ಯಾಕೆ ಅಂತೀರಾ? ಪ್ರಾರ್ಥನೆ ಹಾಡಲು, ಅತಿಥಿಗಳಿಗೆ ಹೂಗುಚ್ಛ ಕೊಡಲು. ಆಹ್ವಾನ ಪತ್ರದಲ್ಲಿ ಮಾತ್ರ ‘ನೀತಿ ರೂಪಿಸುವಲ್ಲಿ ವಿದ್ಯಾರ್ಥಿನಿಯರ ಸಹಭಾಗಿತ್ವ’ ಎಂದು ದಪ್ಪ ಅಕ್ಷರದಲ್ಲಿತ್ತು.

ಐವರು ಹಾಡಿ, ಹೂ ಕೊಟ್ಟು ಕುಳಿತರು. ಶಶಿಕಲಾ ಕೂರಲಿಲ್ಲ.

‘ಸರ್, ನಂದೊಂದು ವಿಷಯ ಐತೆ’ ಎಂದಳು.

ಶಶಿಕಲಾ ಕುಂದೂರು ಕಡೆಯ ರೈತರ ಮಗಳು. ಎರಡನೇ ವರ್ಷ. (ಗಾಬರಿಯಾದರೆ ಅವಳ ಕನ್ನಡ ಸೀದಾ ಊರಿಗೇ ಹೋಗಿಬಿಡುತ್ತದೆ.) ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವ ನಾನು ‘ಕೂರು’ ಎಂದು ಕೈಸನ್ನೆ ಮಾಡಿದೆ. ಅವಳ ವಿಷಯ ಏನೆಂದು ನನಗೆ ಗೊತ್ತಿತ್ತು.

ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಆರೋಗ್ಯ ಸರ್ವೆಗೆಂದು ಕೆ. ಹೊಸಕೋಟೆ ಕಡೆಯ ಒಂದು ಎಸ್ಟೇಟಿಗೆ ಹೋಗಿದ್ದೆವು. ಹಗಲು ಕೂಲಿಯವರ ಲೈನ್ ಮನೆಗಳಲ್ಲಿ ಯಾರಿರುತ್ತಾರೆ? ಸಂಜೆ ಐದಕ್ಕೆ ಆಳುಗಳು ತೋಟದಿಂದ ಬಂದ ಮೇಲೆಯೇ ನಮ್ಮ ಕೆಲಸ. ಅಲ್ಲಿ ಗಿರಿಜಾ ಸಿಕ್ಕಳು. ಏಳು ತಿಂಗಳ ಬಸುರಿ. ಮುಖ ಊದಿತ್ತು. ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಶಶಿಕಲಾ ಬಿ.ಪಿ. ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

‘ಹೆಲ್ತ್ ಸೆಂಟರ್ ಸಿಸ್ಟರ್ ಹತ್ರ ತೋರಿಸ್ಲಿಲ್ವಾ ಅಕ್ಕ?’ ಎಂದು ಗಿರಿಜಾಳನ್ನು ಕೇಳಿದಳು.

‘ಎಲ್ಲಿ ತೋರ್ಸದವ್ವ? ನಾವು ತೋಟಕ್ಕೋದ್ಮೇಲೆ ಸೆಂಟರ್ ಬಾಗ್ಲು ತೆಗೀತಾರೆ. ನಾವು ಬರೋದ್ರೊಳ್ಗೆ ಹಾಕ್ಬುಟ್ಟಿರ್ತಾರೆ. ಹಾಜ್ರಿ ಬರ್ಯೋ ರೈಟರ್‌ನ ರಜ ಕೇಳಿದ್ರೆ ಕೊಯ್ಲು ಮುಗೀಲಿ ಅಂತಾರೆ.’

ಎಸ್ಟೇಟಿನ ಜೀಪಿನಲ್ಲೇ ಸಕಲೇಶಪುರದ ಆಸ್ಪತ್ರೆಗೆ ಕರೆತಂದೆವು. ದಾರಿಯುದ್ದಕ್ಕೂ ಅವಳ ತಲೆ ಶಶಿಕಲಾಳ ತೊಡೆಯ ಮೇಲಿತ್ತು. ಗಿರಿಜಾ ಉಳಿದಳು. ಮಗು ಉಳಿಯಲಿಲ್ಲ.

ಸಿಸ್ಟರ್ ತಪ್ಪೇ? ಅಲ್ಲ. ಏಳೆಂಟು ಊರಿಗೆ ಅವರೊಬ್ಬರೇ. ಟೈಮಿಗೆ ಸರಿಯಾಗಿ ಬರುತ್ತಾರೆ, ನಾಲ್ಕೂವರೆಗೆ ಬಾಗಿಲು ಹಾಕಿ ಬಸ್ಸಿಗೆ ಓಡುತ್ತಾರೆ. ತಪ್ಪಿರುವುದು ಆ ಟೈಮಿನಲ್ಲಿ.

ಸಭೆಯಲ್ಲಿ ಶಶಿಕಲಾ ಗಿರಿಜಾಳ ಕಥೆ ಹೇಳಿ, ಕೇಳಿದ್ದು ಇಷ್ಟೇ: ‘ವಾರಕ್ಕೊಂದಿನ ಸಾಯಂಕಾಲ ಸೆಂಟರ್ ತೆಗೀರಿ ಸರ್. ಅವತ್ತು ಬೆಳಿಗ್ಗೆ ಸಿಸ್ಟರ್‌ಗೆ ರಜೆ ಕೊಡಿ. ಹೊಸ ಕಟ್ಟಡ ಬೇಡ, ಹೊಸ ಪೋಸ್ಟ್ ಬೇಡ.’

ವೇದಿಕೆಯ ಮೇಲಿದ್ದ ಅಧಿಕಾರಿ ನಕ್ಕರು. ‘ಒಳ್ಳೇ ಐಡಿಯಾ ಕಣಮ್ಮ. ಆದ್ರೆ ಇದು ಪಾಲಿಸಿ ಮ್ಯಾಟರ್. ಮೇಲಿಂದ ಬರಬೇಕು.’

‘ಕೆಳಗಿಂದ ಹೋಗೋದು ಯಾವಾಗ ಸರ್?’

ಆಗ ನಾನೇನು ಮಾಡಿದೆ ಗೊತ್ತೆ? ಅವಳ ಕೈ ಹಿಡಿದು ಎಳೆದು ಕೂರಿಸಿದೆ. ಅವಳ ಇಂಟರ್ನಲ್ ಮಾರ್ಕ್ಸ್, ಶಾಲೆಯ ಹೆಸರು, ನನ್ನ ನೌಕರಿ, ಎಲ್ಲ ತಲೆಗೆ ಬಂದವು. ಗಿರಿಜಾ ಮಾತ್ರ ಬರಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಶಶಿಕಲಾ ನನ್ನ ಪಕ್ಕದಲ್ಲೇ ಕುಳಿತಳು. ‘ಮೇಡಂ, ನಾನು ಹೇಳಿದ್ದು ತಪ್ಪಾ?’

‘ಇಲ್ಲ ಕಣೇ.’

‘ಮತ್ತೆ?’

ಮತ್ತೆ ಏನು ಹೇಳಲಿ? ನಾನೂ ಅವಳ ವಯಸ್ಸಿನಲ್ಲಿ ಇಂಥವನ್ನೇ ಕೇಳಿ ಅರ್ಜಿ ಬರೆದಿದ್ದೆ, ಉತ್ತರಕ್ಕೆ ಕಾದು ಕಾದು ಆಮೇಲೆ ಬರೆಯುವುದನ್ನೇ ಬಿಟ್ಟೆ ಎನ್ನಲೆ? ಕಿಟಕಿಯ ಕಡೆ ತಿರುಗಿ ಕುಳಿತೆ.

ಆ ಭಾನುವಾರ ಆರೂ ಹುಡುಗಿಯರು ಯಾರಿಗೂ ಹೇಳದೆ ಎಸ್ಟೇಟಿನ ಲೈನಿಗೆ ಹೋಗಿ ಬಂದರು. ಸೋಮವಾರ ನನ್ನ ಮೇಜಿನ ಮೇಲೆ, ಸಾಯಂಕಾಲ ಸೆಂಟರ್ ತೆಗೆಯಿರೆಂಬ ಅರ್ಜಿ. ಕೆಳಗೆ ಹೆಂಗಸರ ಹೆಬ್ಬೆಟ್ಟುಗಳ ಸಾಲು; ಮೊದಲನೆಯದು ಗಿರಿಜಾಳದು. ನಾನೂ ಸಹಿ ಹಾಕಿದೆ. (ಧೈರ್ಯ ಬಂದು ಹಾಕಿದ್ದಲ್ಲ. ನಾಚಿಕೆಯಾಗಿ ಹಾಕಿದ್ದು.)

ಕಳಿಸಿದ ಅರ್ಜಿಗೆ ಉತ್ತರ ಬಂದಿಲ್ಲ. ಸಭೆಯ ವರದಿ ಮಾತ್ರ ಬಂತು. ‘ವಿದ್ಯಾರ್ಥಿನಿಯರು ಉತ್ಸಾಹದಿಂದ ಭಾಗವಹಿಸಿದರು’ ಎಂದಿದೆ. ಟೈಮಿನ ಬಗ್ಗೆ ಒಂದಕ್ಷರ ಇಲ್ಲ.

ನಿನ್ನೆ ಶಶಿಕಲಾ ಸ್ಟಾಫ್ ರೂಮಿಗೆ ಬಂದು, ‘ಇನ್ನೊಂದು ಬರೆಯಾಣ ಮೇಡಂ’ ಎಂದಳು.

ನನಗಂತೂ ಸುಸ್ತಾಗಿದೆ. ಅವಳಿಗೂ ಸುಸ್ತಾಗುವುದರೊಳಗೆ ಆ ಅರ್ಜಿಯನ್ನು ಯಾರಾದರೂ ಓದುತ್ತೀರಾ?