‘ಕಟ್ಲೇನು?’ ಎಂದು ಕೇಳಿದ ದನಿ

ಮಾನ್ಯ ಓದುಗರಲ್ಲಿ ಮೊದಲಿಗೆ ನಿವೇದಿಸಿಕೊಳ್ಳುವುದೇನೆಂದರೆ, ಸತ್ತವರ ದನಿ ಕೇಳಿಸಿತು ಎಂಬ ಮಾತನ್ನು ನಾನು ಎಂದೂ ನಂಬಿದವಳಲ್ಲ. ಚಿತ್ತಾಪುರದ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತೆಯಾಗಿರುವ ನನಗೆ ಕಚೇರಿಯ ಪತ್ರಗಳನ್ನು ಬಿಟ್ಟರೆ ಬೇರೆ ಬರವಣಿಗೆ ರೂಢಿಯಿಲ್ಲ. ಆದ್ದರಿಂದ ಕೆಲವು ವರ್ಷಗಳ ಹಿಂದೆ ನಡೆದುದನ್ನು ನಡೆದ ಕ್ರಮದಲ್ಲಿಯೇ ತಮ್ಮ ಮುಂದಿಡುತ್ತಿದ್ದೇನೆ.

ಶಹಾಬಾದಿನಲ್ಲಿ ಕಾಗದ, ನೋಟುಪುಸ್ತಕಗಳ ಸಗಟು ಅಂಗಡಿಯೊಂದಿದೆ. ಅದಿರುವುದು ನಿಜಾಮರ ಕಾಲದ ಕಲ್ಲಿನ ಸರಾಯಿಯಲ್ಲಿ, ಎಂದರೆ ಹಳೆಯ ಛತ್ರದಲ್ಲಿ. ದಾರಿಹೋಕರು ತಂಗುತ್ತಿದ್ದ ಕಮಾನುಗಳ ಕೆಳಗೆ ಈಗ ಹಾಳೆಯ ಬಂಡಲ್‌ಗಳು. ನನ್ನ ತಂದೆ ಆಯುಷ್ಯವೆಲ್ಲ ಅಲ್ಲಿ ಬಂಡಲ್ ಕಟ್ಟಿದವರು. ಒಳಗಿನಿಂದ ಅವರು ಒಂದೊಂದೇ ಸಾಮಾನಿನ ಹೆಸರು ಕೂಗುವುದು, ಬಾಗಿಲಲ್ಲಿದ್ದವರು ಚೀಟಿ ನೋಡಿ ‘ಬಂತು’ ಎನ್ನುವುದು, ಕೊನೆಗೆ ಅವರು ‘ಕಟ್ಲೇನು?’ ಎಂದು ಕೇಳುವುದು, ‘ಕಟ್ಟು’ ಎಂದ ಮೇಲೆಯೇ ಹುರಿ ಬಿಗಿಯುವುದು ಅಲ್ಲಿಯ ಪದ್ಧತಿ. ಶಾಲೆಯ ರಜೆಗಳಲ್ಲಿ ಆ ಬಾಗಿಲಲ್ಲಿ ಕುಳಿತು ಉತ್ತರ ಕೊಡುತ್ತಿದ್ದವಳು ನಾನೇ.

ಗಂಟಲಿನ ಕಾಯಿಲೆಯಿಂದಾಗಿ ತಂದೆ ಕೊನೆಯ ತಿಂಗಳುಗಳಲ್ಲಿ ಪಿಸುಗುಟ್ಟಲೂ ಬಳಲುತ್ತಿದ್ದರು. ಅವರು ತೀರಿಕೊಂಡ ಬಳಿಕ ಆ ಬಳಲಿದ ಉಸಿರಷ್ಟೇ ನನ್ನ ಕಿವಿಯಲ್ಲಿ ಉಳಿಯಿತು. ಮೊದಲಿನ ದನಿ ಎಷ್ಟು ನೆನೆದರೂ ಬರಲಿಲ್ಲ. ಈ ದುಃಖವನ್ನು ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ.

ಆ ವರ್ಷ ಶಾಲೆ ತೆರೆಯುವ ಮುನ್ನ ಸಾಮಾನು ತರಲು ಅದೇ ಅಂಗಡಿಗೆ ಹೋದೆ. ಸುಡು ಮಧ್ಯಾಹ್ನ.

“ಸರಕಾರಿ ಮಂದಿ ಬಂದಾರ, ಫ್ಯಾನ್ ಹಚ್ಚು!” ಎಂದು ಸಾಹುಕಾರರು ಹೆಂಡತಿಗೆ ಕೂಗಿ ಹೇಳಿದರು.

“ಕರೆಂಟ್ ಎಲ್ಲದರಿ? ನೀವೇ ಒಂಚೂರು ತಿರಗ್ರಿ, ಗಾಳಿ ಬರ್ತದ,” ಎಂದ ಆಕೆ, ನಾನು ಕಾಕಿ ಎಂದೇ ಕರೆಯುವವರು, ನನ್ನ ಕಡೆ ತಿರುಗಿದರು. “ಬಂಡಲ್ ಕಟ್ಟಾಂವ ಉಣ್ಣಾಕ ಹೋಗ್ಯಾನ. ಒಳಗ ಭಾಳ ತಂಪದ, ಹೋಗಿ ಕುಂದ್ರವ್ವಾ.”

ಒಳಗೆ ಕಲ್ಲಿನ ತಂಪು, ಹೊಸ ಕಾಗದದ ವಾಸನೆ. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಧೂಳು ನಿಧಾನವಾಗಿ ಮೇಲೇರುತ್ತಿತ್ತು. ಅದನ್ನೇ ನೋಡುತ್ತ ಕುಳಿತಿದ್ದಾಗ ಕೊನೆಯ ಕಮಾನಿನ ಆಚೆಯಿಂದ “ಬಿಳಿ ಹಾಳಿ!” ಎಂಬ ಕೂಗು ಕೇಳಿಸಿತು. ಯೋಚಿಸುವ ಮೊದಲೇ ನನ್ನ ಬಾಯಿ “ಬಂತು” ಎಂದಿತ್ತು.

“ಹಾಜರಿ ಪುಸ್ತಕ!”

“ಬಂತು.”

“ಚಾಕ್‌ಪೀಸ್!”

“ಬಂತು.”

ತುಂಬಿದ, ತುಸು ನಗು ಬೆರೆತ ದನಿ. ನನ್ನ ತಂದೆಯದು. ಕೂಗಿದ್ದೆಲ್ಲ ನನ್ನ ಚೀಟಿಯಲ್ಲಿದ್ದ ಸಾಮಾನೇ. ಚೀಟಿಯಾದರೋ ಇನ್ನೂ ನನ್ನ ಚೀಲದಲ್ಲಿಯೇ ಇತ್ತು. ನನಗೆ ಭಯವಾಗಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

“ಕಟ್ಲೇನು?”

ಉತ್ತರ ಕೊಟ್ಟರೆ ಕೆಲಸ ಮುಗಿದುಹೋಗುತ್ತದೆ. ಸುಮ್ಮನಿದ್ದೆ.

“ಕಟ್ಲೇನವ್ವಾ?” ಅವಸರವಿಲ್ಲದೆ ಮತ್ತೆ ಬಂತು. ಆಚೆ ಯಾರೋ ಹುರಿ ಹಿಡಿದು ಕಾಯುತ್ತಿರುವಂತೆ ನಿಶ್ಶಬ್ದ. ತಂದೆಯನ್ನು ಹಾಗೆ ನಿಲ್ಲಿಸಿಕೊಳ್ಳುವುದು ಹೆಚ್ಚು ಹೊತ್ತು ನನ್ನಿಂದಾಗಲಿಲ್ಲ.

“ಕಟ್ಟಪ್ಪಾ,” ಎಂದೆ. ಆಮೇಲೆ ಏನೂ ಕೇಳಿಸಲಿಲ್ಲ.

ಕಾಕಿ ಒಳಗೆ ಬಂದರು. “ಯಾರ ಜೋಡಿ ಮಾತಾಡಾಕತ್ತೀ? ಹೊರಗ ನಿಂದೊಂದೇ ದನಿ ಕೇಳಾಕತ್ತದ.”

ಇಬ್ಬರೂ ಕಮಾನಿನ ಆಚೆ ಹೋಗಿ ನೋಡಿದೆವು. ಹಾಳೆಯ ರಾಶಿ, ಅದರ ಹಿಂದೆ ಗೋಡೆ. ಯಾವುದೂ ಕದಲಿರಲಿಲ್ಲ. ನಿದ್ದೆ ಹತ್ತಿತ್ತೇನೋ ಎಂದೆ.

“ನಾ ಬಂದಾಗ ಕಣ್ಣು ತೆರಕೊಂಡೇ ಕುಂತಿದ್ದಿಯಲ್ಲ,” ಎಂದು ಅವರು ನನ್ನ ಹಣೆ ಮುಟ್ಟಿ ನೋಡಿದರು.

ಸಂಜೆ ತಾಯಿಗೆ ಎಲ್ಲವನ್ನೂ ತಿಳಿಸಿದೆ. ನಿಜವೇ ಎಂದು ಆಕೆ ಕೇಳಲಿಲ್ಲ. “ದನಿ ದಣದಿತ್ತೇನವ್ವಾ?” ಎಂದಷ್ಟೇ ಕೇಳಿದಳು.

ಇಲ್ಲ ಎಂದೆ. ಈ ಇಡೀ ಪ್ರಸಂಗದಲ್ಲಿ ನಾನು ಖಚಿತವಾಗಿ ಹೇಳಬಲ್ಲ ಮಾತು ಅದೊಂದೇ. ಉಳಿದುದಕ್ಕೆ ಈ ದಿನದವರೆಗೂ ನನ್ನಲ್ಲಿ ವಿವರಣೆ ಇಲ್ಲ.